ಏಜೆಂಟುಗಳ ನಡುವಿನ ವ್ಯವಹಾರವನ್ನು ಯಾವ ಬಗೆಯಲ್ಲಿ ಬರೆಯಬೇಕು: ನೇರ ಸಂದೇಶ, ಹಂಚಿಕೊಂಡ ಜಾಗ, ಬಿಡ್ಡಿಂಗ್ ಮತ್ತು ಪ್ರೋಟೋಕಾಲ್‌ಗಳ ಹೋಲಿಕೆ

ಬಹು-ಏಜೆಂಟ್ ವ್ಯವಸ್ಥೆಯೊಂದನ್ನು, ಅಂದರೆ ತಾವೇ ತೀರ್ಮಾನ ತೆಗೆದುಕೊಳ್ಳುವ ಹಲವು ಪ್ರೋಗ್ರಾಮುಗಳು (ಏಜೆಂಟುಗಳು) ಕೂಡಿ ಕೆಲಸ ಮಾಡುವ ವ್ಯವಸ್ಥೆಯನ್ನು, ಕಟ್ಟಲು ಹೊರಟವರು ಮೊದಲು ಕೇಳುವುದು ಯಾವ ಫ್ರೇಮ್‌ವರ್ಕ್ ಒಳ್ಳೆಯದು ಎಂಬುದನ್ನು. ಜೇಡ್, ಜೇಸನ್, ಸ್ಪೇಡ್, ಎರ್ಲಾಂಗ್ ಮುಂತಾದ ಹೆಸರುಗಳು ಕಿವಿಗೆ ಬಿದ್ದ ಮೇಲೆ ತಮಗೆ ಬರುವ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿ ಒಂದನ್ನು ಆರಿಸಿಕೊಳ್ಳುತ್ತಾರೆ. ಏಜೆಂಟುಗಳು ಒಂದರೊಡನೊಂದು ಹೇಗೆ ವ್ಯವಹರಿಸಬೇಕೆಂಬ ವಿಚಾರ ಆ ಬಳಿಕ, ಕೋಡ್ ಬರೆಯುತ್ತ ಬರೆಯುತ್ತ, ಪ್ರತಿ ಏಜೆಂಟಿನ ಒಳಗೂ ಚೂರುಚೂರಾಗಿ ಸೇರಿಕೊಳ್ಳುತ್ತದೆ. ಆರು ತಿಂಗಳ ನಂತರ ಹೊಸಬರೊಬ್ಬರು ಬಂದು, ಈ ಎರಡು ಏಜೆಂಟುಗಳ ನಡುವೆ ಏನು ನಡೆಯಬಹುದು, ಏನು ನಡೆಯಲೇಬಾರದು ಎಂದು ಕೇಳಿದರೆ ತೋರಿಸಲು ಒಂದು ಪುಟವೂ ಇರುವುದಿಲ್ಲ. ಏಜೆಂಟಿನ ಒಳಗಿನ ತರ್ಕವನ್ನು ಬರೆಯುವುದು ಒಂದು ಕೆಲಸ, ಏಜೆಂಟುಗಳ ನಡುವಿನ ವ್ಯವಹಾರವನ್ನು ಬರೆಯುವುದು ಬೇರೆಯೇ ಕೆಲಸ. ಎರಡನೆಯದನ್ನು ಮೊದಲು ನಿರ್ಧರಿಸಿಕೊಂಡರೆ ಫ್ರೇಮ್‌ವರ್ಕಿನ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ ಎಂಬುದು ಈ ಬರಹದ ನಿಲುವು.

ಆಯ್ಕೆಗೆ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಈ ಏಜೆಂಟುಗಳೆಲ್ಲ ಒಬ್ಬನೇ ಒಡೆಯನವೋ, ಅಥವಾ ಬೇರೆ ಬೇರೆ ಒಡೆಯರವೋ? ಒಂದು ಸಂದೇಶ ತಡವಾಗಿ ಬಂದರೆ, ಎರಡು ಸಲ ಬಂದರೆ ಅಥವಾ ಬರದೇ ಹೋದರೆ ಆಗುವ ನಷ್ಟವೆಷ್ಟು? ಮುಂದಿನ ಹೋಲಿಕೆಯುದ್ದಕ್ಕೂ ಎರಡು ಸನ್ನಿವೇಶಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಮೊದಲನೆಯದು ಒಂದೇ ಕಂಪನಿಯ ಗೋದಾಮು: ಐವತ್ತು ರೋಬಾಟುಗಳು ಸರಕು ತುಂಬಿದ ಕಪಾಟುಗಳನ್ನು ಎತ್ತಿ ತರುತ್ತವೆ. 2012ರಲ್ಲಿ ಅಮೆಜಾನ್ ಕೊಂಡುಕೊಂಡ ಕೀವಾ ಸಿಸ್ಟಮ್ಸ್ ಕಟ್ಟಿದ್ದು ಇಂಥ ವ್ಯವಸ್ಥೆಯನ್ನೇ. ಎರಡನೆಯದು ಖರೀದಿ: ಕೊಳ್ಳುವವರು, ಮಾರುವವರು, ಸಾಗಣೆಯವರು ಮೂವರೂ ಬೇರೆ ಬೇರೆ ಸಂಸ್ಥೆಗಳು, ಒಬ್ಬರ ಕೋಡ್ ಇನ್ನೊಬ್ಬರಿಗೆ ಕಾಣದು, ಒಬ್ಬರಿಗೆ ಇನ್ನೊಬ್ಬರು ಆಜ್ಞೆ ಮಾಡುವಂತೆಯೂ ಇಲ್ಲ.

ನೇರ ಸಂದೇಶ

ಅತಿ ಸರಳವಾದ ದಾರಿಯೆಂದರೆ ಒಂದು ಏಜೆಂಟ್ ಇನ್ನೊಂದಕ್ಕೆ ನೇರವಾಗಿ ಸಂದೇಶ ಕಳುಹಿಸುವುದು. ಇದರ ತಾತ್ವಿಕ ಬುನಾದಿ 1973ರಲ್ಲಿ ಕಾರ್ಲ್ ಹೆವಿಟ್ ಮತ್ತು ಸಂಗಡಿಗರು ಮಂಡಿಸಿದ ಆಕ್ಟರ್ ಮಾದರಿ. ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಎರ್ಲಾಂಗ್ ಭಾಷೆಯ ಪ್ರಕ್ರಿಯೆಗಳು ಸಂದೇಶಗಳ ಮೂಲಕ ಮಾತ್ರ ಮಾತನಾಡುವ ಇದೇ ಬಗೆಯವು. ಪ್ರತಿಯೊಂದಕ್ಕೂ ಅದರದೇ ಅಂಚೆಪೆಟ್ಟಿಗೆ, ಯಾರ ಮೆಮೊರಿಯನ್ನೂ ಯಾರೂ ಮುಟ್ಟುವಂತಿಲ್ಲ, ಬಂದದ್ದನ್ನು ಒಂದೊಂದಾಗಿ ನಿರ್ವಹಿಸಬೇಕು. ವೇಗ, ವಿಫಲತೆಯಿಂದ ಚೇತರಿಕೆ, ದೊಡ್ಡ ಪ್ರಮಾಣ ಇವೆಲ್ಲದರಲ್ಲಿ ಈ ಮಾದರಿ ಗಟ್ಟಿ. ಆದರೆ ಸಂದೇಶದ ಅರ್ಥವೇನು, ಅದಕ್ಕೆ ಯಾವ ಉತ್ತರ ಸಲ್ಲಬೇಕು ಎಂಬುದರ ಬಗ್ಗೆ ಆಕ್ಟರ್ ಮಾದರಿ ಏನನ್ನೂ ಹೇಳುವುದಿಲ್ಲ. ಅದನ್ನೆಲ್ಲ ಪ್ರೋಗ್ರಾಮರ್ ತನ್ನ ತಲೆಯಲ್ಲೇ ಇಟ್ಟುಕೊಳ್ಳಬೇಕು.

ಆ ಕೊರತೆಯನ್ನು ತುಂಬಲೆಂದೇ ಏಜೆಂಟ್ ಸಂವಹನ ಭಾಷೆಗಳು ಬಂದವು. 1990ರ ದಶಕದ ಆರಂಭದಲ್ಲಿ ಕೆಕ್ಯೂಎಂಎಲ್, ಅದರ ಬೆನ್ನಿಗೆ 1996ರಲ್ಲಿ ಸ್ಥಾಪನೆಯಾದ ಫಿಪಾ ಸಂಸ್ಥೆಯ ಎಸಿಎಲ್. ಇವೆರಡೂ ತತ್ವಜ್ಞಾನಿಗಳಾದ ಆಸ್ಟಿನ್ ಮತ್ತು ಸರ್ಲ್ ಅವರ ವಾಕ್-ಕ್ರಿಯೆಯ ಸಿದ್ಧಾಂತವನ್ನು ಆಧರಿಸಿವೆ: ತಿಳಿಸುವುದು, ಕೋರುವುದು, ಪ್ರಸ್ತಾಪಿಸುವುದು, ನಿರಾಕರಿಸುವುದು ಹೀಗೆ ಪ್ರತಿ ಸಂದೇಶಕ್ಕೂ ಒಂದು ಬಗೆ ಇರುತ್ತದೆ. ಇಟಲಿಯ ಟೆಲಿಕಾಂ ಇಟಾಲಿಯಾದ ಪ್ರಯೋಗಾಲಯದಲ್ಲಿ ರೂಪುಗೊಂಡ ಜೇಡ್ ಫ್ರೇಮ್‌ವರ್ಕ್ ಈ ಪ್ರಮಾಣಕವನ್ನು ಜಾವಾದಲ್ಲಿ ತಂದಿತು. ಸಂಭಾಷಣೆಯ ಗುರುತು, ಯಾವ ಸಂದೇಶಕ್ಕೆ ಇದು ಉತ್ತರ ಎಂಬ ಸೂಚನೆ, ಉತ್ತರಕ್ಕೆ ಗಡುವು ಇವೆಲ್ಲ ಸಂದೇಶದ ಅಂಗವಾಗಿಯೇ ಬರುವುದರಿಂದ, ಏಕಕಾಲಕ್ಕೆ ನೂರು ಸಂಭಾಷಣೆ ನಡೆಸುವ ಏಜೆಂಟಿಗೂ ಗೊಂದಲವಾಗುವುದಿಲ್ಲ. ಇವಿಷ್ಟು ಅಂಶಗಳನ್ನು ಯಾವ ಭಾಷೆಯಲ್ಲಿ ಬರೆದರೂ ಸೇರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆದರೆ ಫಿಪಾ ಅರ್ಥವ್ಯಾಖ್ಯಾನದಲ್ಲಿ ಒಂದು ಮೂಲಭೂತ ತೊಡಕಿದೆ. 'ತಿಳಿಸುವ' ಸಂದೇಶವನ್ನು ಕಳುಹಿಸುವ ಏಜೆಂಟ್ ಆ ವಿಷಯವನ್ನು ಸ್ವತಃ ನಂಬಿರಬೇಕು ಎಂಬುದು ಅದರ ನಿಯಮ. ಇನ್ನೊಂದು ಸಂಸ್ಥೆಯ ಏಜೆಂಟ್ ಏನನ್ನು ನಂಬಿದೆ ಎಂದು ಹೊರಗಿನಿಂದ ಪರೀಕ್ಷಿಸುವ ದಾರಿಯೇ ಇಲ್ಲ. ಹಾಗಾಗಿ ಯಾರು ನಿಯಮ ಪಾಲಿಸಿದರು, ಯಾರು ಮುರಿದರು ಎಂದು ತೀರ್ಮಾನಿಸಲು ಬರುವುದಿಲ್ಲ. ನಾರ್ತ್ ಕೆರೋಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮುನಿಂದರ್ ಸಿಂಗ್ 1998ರಲ್ಲಿಯೇ ಈ ಆಕ್ಷೇಪವನ್ನು ಎತ್ತಿ, ಸಂದೇಶದ ಅರ್ಥವನ್ನು ಮನಸ್ಸಿನ ಸ್ಥಿತಿಯಲ್ಲಿ ಅಲ್ಲ, ಎಲ್ಲರಿಗೂ ಕಾಣುವ ಸಾಮಾಜಿಕ ಬದ್ಧತೆಯಲ್ಲಿ ಹುಡುಕಬೇಕೆಂದು ವಾದಿಸಿದರು. ಖರೀದಿಯ ಸನ್ನಿವೇಶಕ್ಕೆ ಈ ವಾದ ನಿರ್ಣಾಯಕ. ಮಾರುವವರು ಮನಸ್ಸಿನಲ್ಲಿ ಏನು ಅಂದುಕೊಂಡಿದ್ದರು ಎಂಬುದು ಕೊಳ್ಳುವವರಿಗೆ ಬೇಡ. 'ಹಣ ಬಂದರೆ ಸರಕು ಕಳುಹಿಸುತ್ತೇನೆ' ಎಂದು ಅವರು ಮಾತು ಕೊಟ್ಟರೇ, ಆ ಮಾತು ನಡೆಯಿತೇ ಎಂಬುದಷ್ಟೇ ಬೇಕು.

ಜೇಸನ್‌ನ ಸ್ಥಾನ ಸ್ವಲ್ಪ ಬೇರೆ. ಆನಂದ್ ರಾವ್ 1996ರಲ್ಲಿ ರೂಪಿಸಿದ ಏಜೆಂಟ್‌ಸ್ಪೀಕ್ ಭಾಷೆಯನ್ನು ಆಧರಿಸಿದ ಈ ಸಾಧನದಲ್ಲಿ ಏಜೆಂಟುಗಳನ್ನು ನಂಬಿಕೆ, ಗುರಿ, ಯೋಜನೆಗಳ ರೂಪದಲ್ಲಿ ಬರೆಯಲಾಗುತ್ತದೆ. 'ತಿಳಿಸು' ಎಂಬ ಸಂದೇಶ ಬಂದರೆ, ಅದು ಯಾರಿಂದ ಬಂತು ಎಂಬ ಗುರುತಿನೊಂದಿಗೆ ಒಂದು ನಂಬಿಕೆಯಾಗಿ ದಾಖಲಾಗುತ್ತದೆ. 'ಸಾಧಿಸು' ಎಂದು ಬಂದರೆ ಹೊಸ ಗುರಿಯಾಗುತ್ತದೆ. ಬಂದ ಸಂದೇಶವನ್ನು ಒಪ್ಪಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಭಾಗವನ್ನು ಬದಲಿಸಿ ಬರೆಯಬಹುದು ಎಂಬುದು ಸ್ವಾಯತ್ತತೆಯ ದೃಷ್ಟಿಯಿಂದ ಮುಖ್ಯ. ಏಜೆಂಟಿನ ಒಳಗಿನ ತರ್ಕ ಸಂಕೀರ್ಣವಾಗಿದ್ದು, ಪರಿಸ್ಥಿತಿ ಬದಲಾದಂತೆ ಯೋಜನೆಯನ್ನು ಬದಲಿಸಬೇಕಾಗಿದ್ದರೆ ಜೇಸನ್ ಹಿತ. ಆದರೆ ವ್ಯವಹಾರವನ್ನು ಒಟ್ಟಾರೆಯಾಗಿ ಬರೆದಿಡುವ ಸಮಸ್ಯೆಯನ್ನು ಅದೊಂದೇ ಬಗೆಹರಿಸುವುದಿಲ್ಲ.

ಹಂಚಿಕೊಂಡ ಜಾಗ

ಎರಡನೆಯ ದಾರಿಯಲ್ಲಿ ಏಜೆಂಟುಗಳು ಪರಸ್ಪರ ಮಾತನಾಡುವುದೇ ಇಲ್ಲ. ಎಲ್ಲರಿಗೂ ಕಾಣುವ ಒಂದು ಜಾಗದಲ್ಲಿ ಬರೆಯುತ್ತವೆ, ಅಲ್ಲಿಂದಲೇ ಓದುತ್ತವೆ. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾತನ್ನು ಗುರುತಿಸಲೆಂದು ಕಟ್ಟಿದ ಹಿಯರ್‌ಸೇ-2 ವ್ಯವಸ್ಥೆ ಈ ಬ್ಲ್ಯಾಕ್‌ಬೋರ್ಡ್ ಮಾದರಿಯ ಮೊದಲ ದೊಡ್ಡ ಉದಾಹರಣೆ. ಧ್ವನಿಯನ್ನು ಬಲ್ಲ ಭಾಗವೊಂದು, ಪದಗಳನ್ನು ಬಲ್ಲದ್ದೊಂದು, ವಾಕ್ಯರಚನೆಯನ್ನು ಬಲ್ಲದ್ದೊಂದು, ಹೀಗೆ ಬೇರೆ ಬೇರೆ ಪರಿಣತ ಭಾಗಗಳು ತಮ್ಮ ಊಹೆಗಳನ್ನು ಹಲಗೆಯ ಮೇಲೆ ಇಡುತ್ತಿದ್ದವು, ಉಳಿದವು ಅದನ್ನು ಬಲಪಡಿಸುತ್ತಿದ್ದವು ಅಥವಾ ಕೈಬಿಡುತ್ತಿದ್ದವು. ಯಾವ ಭಾಗದ ಸರದಿ ಮೊದಲು ಎಂಬುದನ್ನು ಯಾರು ನಿರ್ಧರಿಸಬೇಕೆಂಬುದೇ ಈ ಮಾದರಿಯ ಕಠಿಣ ಭಾಗ; ಹಲಗೆಯ ರಚನೆ ಒಂದೇ ದಿನದಲ್ಲಿ ಆಗಬಹುದು, ನಿಯಂತ್ರಕವನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು.

1980ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಗೆಲರ್ನ್‌ಟರ್ ರೂಪಿಸಿದ ಲಿಂಡಾ ಎಂಬ ಭಾಷೆ, ಅದೇ ಕಲ್ಪನೆಯನ್ನು ಕೆಲವೇ ಕ್ರಿಯೆಗಳಿಗೆ ಇಳಿಸಿತು: ಟ್ಯೂಪಲನ್ನು (ಕೆಲವು ಮೌಲ್ಯಗಳ ಒಂದು ಕಟ್ಟನ್ನು) ಜಾಗದಲ್ಲಿ ಇಡುವುದು, ನಮೂನೆಗೆ ಹೊಂದುವುದನ್ನು ಓದುವುದು, ಹೊಂದುವುದನ್ನು ಎತ್ತಿಕೊಳ್ಳುವುದು. ಎತ್ತಿಕೊಳ್ಳುವ ಕ್ರಿಯೆ ಅವಿಭಾಜ್ಯವಾದ್ದರಿಂದ ಒಂದು ಕೆಲಸವನ್ನು ಇಬ್ಬರು ಹಿಡಿಯುವ ಪ್ರಸಂಗವೇ ಬರುವುದಿಲ್ಲ. ಬೀಗ ಹಾಕುವ ಕೋಡನ್ನು ಬೇರೆ ಬರೆಯಬೇಕಾಗಿಲ್ಲ. ಕಳುಹಿಸುವವನಿಗೆ ಪಡೆಯುವವನು ಯಾರೆಂದು ತಿಳಿದಿರಬೇಕಿಲ್ಲ, ಇಬ್ಬರೂ ಒಂದೇ ವೇಳೆಗೆ ಚಾಲನೆಯಲ್ಲಿರಬೇಕಿಲ್ಲ. ಗೋದಾಮಿನಲ್ಲಿ ಹೊಸ ರೋಬಾಟೊಂದನ್ನು ಸೇರಿಸುವಾಗ ಉಳಿದ ನಲವತ್ತೊಂಬತ್ತರ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗದಿರುವುದು ಇದರ ದೊಡ್ಡ ಗುಣ. ಅಪಾಯವೂ ಅಲ್ಲೇ ಇದೆ: ಟ್ಯೂಪಲನ್ನು ಎತ್ತಿಕೊಂಡ ರೋಬಾಟ್ ಅರ್ಧದಾರಿಯಲ್ಲಿ ಕೆಟ್ಟು ನಿಂತರೆ ಆ ಕೆಲಸದ ಗುರುತೇ ಉಳಿಯುವುದಿಲ್ಲ. ಮುಂದೆ ಬಂದ ಜಾವಾಸ್ಪೇಸಸ್ ಎಂಬ ಇಂಥದೇ ವ್ಯವಸ್ಥೆ ಇದಕ್ಕಾಗಿಯೇ ಟ್ರಾನ್ಸಾಕ್ಷನ್ ಹಾಗೂ ಅವಧಿಬದ್ಧ ಗುತ್ತಿಗೆಯ ವ್ಯವಸ್ಥೆಯನ್ನು ಸೇರಿಸಿಕೊಂಡಿತು. ನೀವು ಡೇಟಾಬೇಸಿನ ಒಂದು ಕೋಷ್ಟಕವನ್ನೇ ಟ್ಯೂಪಲ್ ಜಾಗವಾಗಿ ಬಳಸುವುದಾದರೆ, ಎತ್ತಿಕೊಂಡವರ ಹೆಸರು ಮತ್ತು ಅವಧಿ ಮುಗಿಯುವ ಸಮಯ ಎರಡನ್ನೂ ಮೊದಲ ದಿನದಿಂದಲೇ ಇಡಬೇಕು.

ಖರೀದಿಯ ಸನ್ನಿವೇಶಕ್ಕೆ ಈ ದಾರಿ ಸಲ್ಲದು. ಹಂಚಿಕೊಂಡ ಜಾಗಕ್ಕೆ ಒಬ್ಬ ಒಡೆಯ ಇರಲೇಬೇಕು. ಮೂರು ಸಂಸ್ಥೆಗಳಲ್ಲಿ ಯಾರ ಯಂತ್ರದಲ್ಲಿ ಅದು ಇರಬೇಕು, ಅದನ್ನು ಯಾರು ತಿದ್ದಬಹುದು ಎಂಬ ಜಗಳ ತಂತ್ರಜ್ಞಾನದ್ದಲ್ಲ, ವಿಶ್ವಾಸದ್ದು. ಎಂಕ್ಯೂಟಿಟಿಯಂಥ ಪ್ರಕಟಣೆ-ಚಂದಾದಾರಿಕೆಯ (ಒಬ್ಬರು ಪ್ರಕಟಿಸಿದ್ದು ಚಂದಾದಾರರಿಗೆಲ್ಲ ತಲುಪುವ) ವ್ಯವಸ್ಥೆಗಳೂ ಹತ್ತಿರದ ಜಾತಿಯವೇ. ಸೆನ್ಸರ್ ಮಾಹಿತಿ ಹರಡಲು ಅವು ಸೊಗಸು, ಒಪ್ಪಂದ ಮಾಡಿಕೊಳ್ಳಲು ಅಲ್ಲ.

ಕರೆ ಕೊಟ್ಟು ಬಿಡ್ ಪಡೆಯುವುದು

ಕೆಲಸ ಹಂಚಿಕೆಯ ವಿಚಾರ ಬಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಕಾಂಟ್ರ್ಯಾಕ್ಟ್ ನೆಟ್. ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಈ ಪ್ರೋಟೋಕಾಲ್‌ನಲ್ಲಿ, ಅಂದರೆ ಸಂದೇಶ ವಿನಿಮಯದ ನಿಯಮಾವಳಿಯಲ್ಲಿ, ಕೆಲಸ ಮಾಡಿಸಬೇಕಾದ ಏಜೆಂಟ್ ಎಲ್ಲರಿಗೂ ಕರೆ ಕಳುಹಿಸುತ್ತದೆ. ಸಾಧ್ಯವಿರುವವರು ತಮ್ಮ ಪ್ರಸ್ತಾಪವನ್ನು, ಉಳಿದವರು ನಿರಾಕರಣೆಯನ್ನು ಗಡುವಿನೊಳಗೆ ತಿಳಿಸುತ್ತಾರೆ. ಒಂದನ್ನು ಒಪ್ಪಿ ಮಿಕ್ಕವನ್ನು ತಿರಸ್ಕರಿಸಲಾಗುತ್ತದೆ. ಕೊನೆಗೆ ಫಲಿತಾಂಶ ಅಥವಾ ವೈಫಲ್ಯದ ವರದಿ ಬರುತ್ತದೆ. ಕರ್ನಾಟಕದ ಎಪಿಎಂಸಿ ಮಾರುಕಟ್ಟೆಗಳಲ್ಲಿ ನಡೆಯುವ ಇ-ಟೆಂಡರನ್ನು ಕಂಡವರಿಗೆ ಇದರ ಒಳಮರ್ಮ ಬೇಗ ಹೊಳೆಯುತ್ತದೆ: ಅತಿ ಹೆಚ್ಚಿನ ಬೆಲೆ ಬಂದರೂ ರೈತರಿಗೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಮಾರದೆ ಇರಬಹುದು. ಕಾಂಟ್ರ್ಯಾಕ್ಟ್ ನೆಟ್‌ನಲ್ಲಿಯೂ ಕರೆ ಕೊಟ್ಟವರು ಯಾವ ಪ್ರಸ್ತಾಪವನ್ನೂ ಒಪ್ಪದೆ ಬಿಡಬಹುದು, ಬಿಡ್ ಮಾಡುವವರೂ ಸುಮ್ಮನೆ ನಿರಾಕರಿಸಬಹುದು. ಎರಡೂ ಕಡೆಗೆ ಸ್ವಾತಂತ್ರ್ಯ ಇರುವ ಕಡೆಗೆ ಇದು ಹೇಳಿ ಮಾಡಿಸಿದ್ದು.

ಜೇಡ್‌ನಲ್ಲಿ ಕರೆ ಕೊಡುವ ಪಾತ್ರಕ್ಕೂ ಉತ್ತರಿಸುವ ಪಾತ್ರಕ್ಕೂ ಸಿದ್ಧ ಕ್ಲಾಸುಗಳಿವೆ. ಪ್ರಸ್ತಾಪವನ್ನು ಸಿದ್ಧಪಡಿಸುವ ಮತ್ತು ತೂಗಿ ನೋಡುವ ಭಾಗಗಳನ್ನು ತುಂಬಿದರೆ ಸಾಕು. ಈ ಸೌಕರ್ಯದಿಂದಾಗಿಯೇ ಕಾಂಟ್ರ್ಯಾಕ್ಟ್ ನೆಟ್‌ ಅನ್ನು ಬೇಡದ ಕಡೆಯೂ ಬಳಸಲಾಗುತ್ತದೆ. ಲೆಕ್ಕ ಹಾಕಿ ನೋಡಿ. ಐವತ್ತು ರೋಬಾಟುಗಳಿಗೆ ಒಂದು ಕರೆ ಕೊಟ್ಟರೆ ಐವತ್ತು ಕರೆ, ಹೆಚ್ಚೆಂದರೆ ಐವತ್ತು ಪ್ರಸ್ತಾಪ, ಐವತ್ತು ಒಪ್ಪಿಗೆ-ತಿರಸ್ಕಾರ, ಕೊನೆಯ ಒಂದು ವರದಿ, ಒಟ್ಟು 151 ಸಂದೇಶ. ಇಪ್ಪತ್ತು ಕೆಲಸಗಳಿಗೆ 3,020. ಇಷ್ಟೆಲ್ಲ ಮಾಡಿಯೂ ಸಿಗುವ ಹಂಚಿಕೆ ಅತ್ಯುತ್ತಮವಾಗಿರುತ್ತದೆಂಬ ಖಾತರಿಯಿಲ್ಲ, ಏಕೆಂದರೆ ಕೆಲಸಗಳನ್ನು ಒಂದೊಂದಾಗಿ ಕರೆದಾಗ ಮೊದಲ ಕೆಲಸವು ಹತ್ತಿರದ ರೋಬಾಟನ್ನು ಸೆಳೆದುಕೊಂಡುಬಿಡುತ್ತದೆ, ಆ ರೋಬಾಟ್ ಎರಡನೆಯ ಕೆಲಸಕ್ಕೆ ಇನ್ನೂ ಹೆಚ್ಚು ಬೇಕಾಗಿದ್ದರೂ ಸಹ. ಒಡೆಯನೊಬ್ಬನೇ ಆಗಿದ್ದು ಎಲ್ಲ ರೋಬಾಟುಗಳ ಸ್ಥಾನವೂ ಒಂದೇ ಕಡೆ ಗೊತ್ತಿದ್ದರೆ, ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ ಹಂಗೇರಿಯನ್ ವಿಧಾನದಿಂದ ಐವತ್ತಕ್ಕೆ ಐವತ್ತರ ಹಂಚಿಕೆಯನ್ನು ಕ್ಷಣಾರ್ಧದಲ್ಲಿ, ಅದೂ ಒಟ್ಟು ವೆಚ್ಚ ಕನಿಷ್ಠವಾಗುವಂತೆ, ಕಂಡುಹಿಡಿಯಬಹುದು. ಆದ್ದರಿಂದ ಗೋದಾಮಿನವರಿಗೆ ನನ್ನ ಸಲಹೆ ಇದು: ಸಂಪರ್ಕ ನಂಬಿಕಸ್ಥವಾಗಿದ್ದರೆ ಹಂಚಿಕೆಯನ್ನು ಕೇಂದ್ರದಲ್ಲೇ ಮಾಡಿ, ದಾರಿ ಹುಡುಕುವುದು, ಡಿಕ್ಕಿ ತಪ್ಪಿಸುವುದು ಇಂಥ ಸ್ಥಳೀಯ ತೀರ್ಮಾನಗಳನ್ನು ಮಾತ್ರ ರೋಬಾಟುಗಳಿಗೆ ಬಿಡಿ.

ಬಿಡ್ಡಿಂಗ್ ನಿಜಕ್ಕೂ ಬೇಕಾದಲ್ಲಿ ಒಂದು ತೊಡಕನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಒಂದು ಸಾಗಣೆ ಏಜೆಂಟಿಗೆ ಒಂದೇ ಲಾರಿ ಖಾಲಿಯಿದೆ, ಎರಡು ಕರೆಗಳು ಒಟ್ಟಿಗೆ ಬಂದಿವೆ. ಎರಡಕ್ಕೂ ಬಿಡ್ ಮಾಡಿದರೆ ಎರಡೂ ಒಪ್ಪಿಗೆಯಾಗಿ ಮಾತು ಮುರಿಯಬೇಕಾದೀತು; ಒಂದಕ್ಕೇ ಮಾಡಿ ಕಾದರೆ ಲಾರಿ ಖಾಲಿ ನಿಂತೀತು. ಮೂಲ ಕಾಂಟ್ರ್ಯಾಕ್ಟ್ ನೆಟ್ ಇದಕ್ಕೆ ಉತ್ತರ ಕೊಡುವುದಿಲ್ಲ. ಪ್ರಸ್ತಾಪವನ್ನು ಬದ್ಧತೆಯಿಲ್ಲದ ಮುನ್ಸೂಚನೆಯಾಗಿ ಮಾಡಿ ಒಪ್ಪಿಗೆಯ ಬಳಿಕ ಖಚಿತಪಡಿಸುವ ಇನ್ನೊಂದು ಹಂತ ಸೇರಿಸಬಹುದು, ಅಥವಾ ಮಾತು ತಪ್ಪಿದ್ದಕ್ಕೆ ದಂಡ ನಿಗದಿ ಮಾಡಬಹುದು. ಮೊದಲನೆಯದಕ್ಕೆ ಸಂದೇಶಗಳ ಸಂಖ್ಯೆ ಏರುತ್ತದೆ, ಎರಡನೆಯದಕ್ಕೆ ದಂಡವನ್ನು ವಸೂಲು ಮಾಡುವ ಅಧಿಕಾರ ಯಾರಿಗಾದರೂ ಇರಬೇಕಾಗುತ್ತದೆ. ಬಿಡ್ ಮಾಡುವವರು ಸುಳ್ಳು ಬೆಲೆ ಹೇಳುವ ಭಯವಿದ್ದರೆ ವಿಲಿಯಂ ವಿಕ್ರೆ 1961ರಲ್ಲಿ ವಿಶ್ಲೇಷಿಸಿದ ಎರಡನೇ ಬೆಲೆಯ ಮುಚ್ಚಿದ ಹರಾಜನ್ನು ಗಮನಿಸಬೇಕು: ಗೆದ್ದವರು ಎರಡನೇ ಅತ್ಯುತ್ತಮ ಬಿಡ್ಡಿನ ಬೆಲೆಯನ್ನು ಕೊಡುವುದರಿಂದ, ತಮ್ಮ ನಿಜವಾದ ಮೌಲ್ಯವನ್ನು ಹೇಳುವುದೇ ಪ್ರತಿಯೊಬ್ಬರಿಗೂ ಲಾಭಕರ.

ಪ್ರೋಟೋಕಾಲನ್ನು ಮಾಹಿತಿಯಾಗಿ ಬರೆಯುವುದು

ಬೇರೆ ಬೇರೆ ಒಡೆಯರ ಏಜೆಂಟುಗಳಿರುವಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ದಾರಿಗೆ. ಇದು ಸಾಕಷ್ಟು ಜನರಿಗೆ ತಿಳಿದಿಲ್ಲವೆಂಬ ಕೊರಗೂ ನನಗಿದೆ. ಸಾಮಾನ್ಯವಾಗಿ ಪ್ರೋಟೋಕಾಲನ್ನು ಸ್ಥಿತಿಯಂತ್ರವಾಗಿಯೋ ಸಂದೇಶಗಳ ಅನುಕ್ರಮದ ಚಿತ್ರವಾಗಿಯೋ ಬರೆಯುತ್ತಾರೆ: ಮೊದಲು ಇದು, ಆಮೇಲೆ ಅದು. ಇಬ್ಬರ ನಡುವೆ, ಕಳುಹಿಸಿದ ಸರದಿಯಲ್ಲೇ ತಲುಪಿಸುವ ಟಿಸಿಪಿ ಸಂಪರ್ಕವೊಂದೇ ಇದ್ದರೆ ಕ್ರಮ ಉಳಿಯುತ್ತದೆ. ಮೂರನೆಯವರು ಬಂದ ಕೂಡಲೇ ಅದು ಕೈತಪ್ಪುತ್ತದೆ. ಮಾರುವವರು ಬಿಲ್ಲನ್ನು ಕೊಳ್ಳುವವರಿಗೂ ಸರಕನ್ನು ಸಾಗಣೆಯವರಿಗೂ ಕಳುಹಿಸುತ್ತಾರೆ. ಬಿಲ್ಲಿನ ಸಂದೇಶ ಎಲ್ಲೋ ತಡವಾಗಿ, ಸರಕು ತಲುಪಿದ ಸಂದೇಶ ಮೊದಲು ಬರುತ್ತದೆ. 'ಬಿಲ್ಲಿಗಾಗಿ ಕಾಯುತ್ತಿದ್ದೇನೆ' ಎಂಬ ಸ್ಥಿತಿಯಲ್ಲಿರುವ ಏಜೆಂಟ್ ಅದನ್ನು ತಪ್ಪು ಸಂದೇಶವೆಂದು ಎಸೆಯುತ್ತದೆ. ಇಲ್ಲಿ ಯಾರೂ ನಿಯಮ ಮುರಿದಿಲ್ಲ. ನಿಯಮವನ್ನೇ ಬೇಡದ ಕ್ರಮದ ಮೇಲೆ ಕಟ್ಟಲಾಗಿತ್ತು.

ಮುನಿಂದರ್ ಸಿಂಗ್ 2011ರಲ್ಲಿ ಪರಿಚಯಿಸಿದ ಬಿಎಸ್‌ಪಿಎಲ್ ಭಾಷೆಯಲ್ಲಿ ಕ್ರಮವನ್ನು ಹೇಳುವುದೇ ಇಲ್ಲ. ಪ್ರತಿ ಸಂದೇಶಕ್ಕೂ ಯಾವ ಮಾಹಿತಿ ಕಳುಹಿಸುವವರಿಗೆ ಮೊದಲೇ ಗೊತ್ತಿರಬೇಕು, ಯಾವುದನ್ನು ಅವರು ಆ ಸಂದೇಶದಿಂದ ಹೊಸದಾಗಿ ಹುಟ್ಟಿಸುತ್ತಾರೆ, ಯಾವುದು ಇನ್ನೂ ಗೊತ್ತಿರಬಾರದು ಎಂಬಿಷ್ಟನ್ನೇ ಬರೆಯಲಾಗುತ್ತದೆ. ವಿಚಾರಣೆಯ ಸಂದೇಶ ವ್ಯವಹಾರದ ಸಂಖ್ಯೆ ಮತ್ತು ವಸ್ತುವಿನ ಹೆಸರನ್ನು ಹುಟ್ಟಿಸುತ್ತದೆ. ದರದ ಸಂದೇಶ ಆ ಎರಡನ್ನು ತಿಳಿದು ಬೆಲೆಯನ್ನು ಹುಟ್ಟಿಸುತ್ತದೆ. ಒಪ್ಪಿಗೆ ಬೆಲೆಯನ್ನು ತಿಳಿದು 'ನಿರ್ಧಾರ' ಮತ್ತು ವಿಳಾಸವನ್ನು, ತಿರಸ್ಕಾರ ಬೆಲೆಯನ್ನು ತಿಳಿದು 'ನಿರ್ಧಾರ'ವನ್ನು ಹುಟ್ಟಿಸುತ್ತದೆ. ಒಂದು ವ್ಯವಹಾರದ ಸಂಖ್ಯೆಗೆ ಪ್ರತಿ ಮಾಹಿತಿಗೂ ಒಂದೇ ಮೌಲ್ಯ ಇರಬಹುದಾದ್ದರಿಂದ, 'ನಿರ್ಧಾರ' ಒಮ್ಮೆ ಹುಟ್ಟಿದ ಮೇಲೆ ಕೊಳ್ಳುವವರು ಒಪ್ಪಿಗೆ ಕೊಟ್ಟು ತಿರಸ್ಕಾರವನ್ನೂ ಕಳುಹಿಸಲು ಬರುವುದಿಲ್ಲ. ಬೆಲೆ ತಿಳಿಯದೆ ಒಪ್ಪಲು ಸಾಧ್ಯವಿಲ್ಲದ ಕಾರಣ ಬೇಕಾದ ಕ್ರಮ ತಾನಾಗಿಯೇ ಸಿಗುತ್ತದೆ, ಬೇಡದ ಕ್ರಮದ ಹಂಗು ಮಾತ್ರ ಇರುವುದಿಲ್ಲ. ಸಂದೇಶಗಳು ಯಾವ ಸರದಿಯಲ್ಲಿ ತಲುಪಿದರೂ ಅರ್ಥ ಕೆಡುವುದಿಲ್ಲ, ಒಂದೇ ಸಂದೇಶ ಎರಡು ಸಲ ಬಂದರೂ ಹೊಸದೇನೂ ಸೇರುವುದಿಲ್ಲ.

ಇದರ ಇನ್ನೊಂದು ಫಲವೆಂದರೆ ತಪ್ಪನ್ನು ಓಡಿಸುವ ಮೊದಲೇ ಹಿಡಿಯಬಹುದು. ಆರ್ಡರಿನ ಅಂತಿಮ 'ಫಲಿತಾಂಶ'ವನ್ನು ಕೊಳ್ಳುವವರು ರದ್ದತಿಯಿಂದ, ಮಾರುವವರು ರವಾನೆಯಿಂದ, ಹೀಗೆ ಇಬ್ಬರೂ ಸ್ವತಂತ್ರವಾಗಿ ಹುಟ್ಟಿಸಬಹುದಾದರೆ ಒಂದೇ ಕ್ಷಣದಲ್ಲಿ ಎರಡೂ ನಡೆದುಹೋಗಬಹುದು. ಅಂಥ ಪ್ರೋಟೋಕಾಲ್ ಸುರಕ್ಷಿತವಲ್ಲವೆಂದು ಪರಿಶೀಲನಾ ಸಾಧನ ಕಾಗದದ ಹಂತದಲ್ಲೇ ಹೇಳುತ್ತದೆ. ರದ್ದತಿಯನ್ನು 'ರದ್ದತಿಯ ಕೋರಿಕೆ'ಯಾಗಿ ಬದಲಿಸಿ, ಫಲಿತಾಂಶವನ್ನು ಮಾರುವವರೊಬ್ಬರೇ ಹೇಳುವಂತೆ ತಿದ್ದಬಹುದು.

ಕೊರತೆಗಳೂ ಇವೆ. ಸಾಧನಗಳು ಹೆಚ್ಚಾಗಿ ಸಂಶೋಧನಾ ಗುಂಪುಗಳಿಂದ ಬಂದಂಥವು, ಜೇಡ್‌ನಷ್ಟು ಕಲಿಕೆಯ ಸಾಮಗ್ರಿ ಸಿಗುವುದಿಲ್ಲ. ಚೌಕಾಸಿಯಂತೆ ಮತ್ತೆ ಮತ್ತೆ ನಡೆಯುವ ಸುತ್ತುಗಳಿಗೆ, ಪ್ರತಿ ಸುತ್ತನ್ನು ಗುರುತಿಸುವ ಪ್ರತ್ಯೇಕ ಕೀಲಿಗಳನ್ನು ಯೋಚಿಸಬೇಕು. ಆದರೂ ಆ ಭಾಷೆಯ ಸಾಧನಗಳನ್ನು ಮುಟ್ಟದೆಯೂ ವಿಧಾನವನ್ನು ಅಳವಡಿಸಿಕೊಳ್ಳಬಹುದು. ಪ್ರತಿ ಸಂಸ್ಥೆ ತನ್ನದೇ ಡೇಟಾಬೇಸಿನಲ್ಲಿ ವ್ಯವಹಾರದ ಸಂಖ್ಯೆಯನ್ನು ಪ್ರಾಥಮಿಕ ಕೀಲಿಯಾಗಿ ಇಟ್ಟುಕೊಂಡು, ಒಮ್ಮೆ ಬರೆದ ಅಂಕಣವನ್ನು ಮತ್ತೆ ಬದಲಿಸದಂತೆ ನಿರ್ಬಂಧಿಸಿ, ಬೇಕಾದ ಅಂಕಣಗಳು ತುಂಬಿದಾಗ ಮಾತ್ರ ಸಂದೇಶ ಹೊರಡುವಂತೆ ಬರೆದರೆ ಲಾಭದ ಬಹುಪಾಲು ದಕ್ಕುತ್ತದೆ. ಸಂದೇಶಗಳನ್ನು ಸಾಗಿಸಲು ಎರ್ಲಾಂಗ್ ಆಗಲಿ, ಜೇಡ್ ಆಗಲಿ, ಸಾದಾ ಎಚ್‌ಟಿಟಿಪಿ ಆಗಲಿ ಯಾವುದಾದರೂ ಆದೀತು.

ಭಾಷಾ ಮಾದರಿಗಳ ಏಜೆಂಟುಗಳಿಗೆ

ಇತ್ತೀಚೆಗೆ ಏಜೆಂಟ್ ಎಂದರೆ ದೊಡ್ಡ ಭಾಷಾ ಮಾದರಿಯನ್ನು ಆಧರಿಸಿದ ಪ್ರೋಗ್ರಾಮ್ ಎಂದೇ ಅನೇಕರ ಗ್ರಹಿಕೆ. ಆಂಥ್ರೋಪಿಕ್ 2024ರ ನವೆಂಬರಿನಲ್ಲಿ ಪ್ರಕಟಿಸಿದ ಎಂಸಿಪಿ ಮತ್ತು ಗೂಗಲ್ 2025ರ ಏಪ್ರಿಲಿನಲ್ಲಿ ಪ್ರಕಟಿಸಿದ ಎ2ಎ ಇವೆರಡನ್ನು ಪರಸ್ಪರ ಪರ್ಯಾಯಗಳೆಂದು ಹೋಲಿಸುವುದು ಸರಿಯಲ್ಲ. ಮೊದಲನೆಯದು ಮಾದರಿಗೆ ಸಾಧನಗಳನ್ನೂ ದತ್ತಾಂಶವನ್ನೂ ಜೋಡಿಸುತ್ತದೆ. ಎರಡನೆಯದು ಏಜೆಂಟಿನಿಂದ ಏಜೆಂಟಿಗೆ ಕೆಲಸ ಒಪ್ಪಿಸಲು: ತನ್ನ ಸಾಮರ್ಥ್ಯವನ್ನು ಹೇಳುವ ಪರಿಚಯಪತ್ರ ಪ್ರತಿ ಏಜೆಂಟಿಗೂ ಇರುತ್ತದೆ, ಒಪ್ಪಿಸಿದ ಕೆಲಸ ಸ್ವೀಕೃತ, ನಡೆಯುತ್ತಿದೆ, ಮಾಹಿತಿ ಬೇಕು, ಮುಗಿದಿದೆ, ವಿಫಲ ಎಂಬಂಥ ಸ್ಥಿತಿಗಳಲ್ಲಿ ಸಾಗುತ್ತದೆ. ಇವು ಲಕೋಟೆಯನ್ನೂ ಅಂಚೆಯ ನಿಯಮವನ್ನೂ ನಿಗದಿಪಡಿಸುತ್ತವೆಯೇ ಹೊರತು ಬೆಲೆ ಒಪ್ಪಿದ ಮೇಲೆ ಯಾರು ಯಾರಿಗೆ ಬದ್ಧರು ಎಂಬುದನ್ನಲ್ಲ.

ಆದ್ದರಿಂದ ಇಲ್ಲಿಯೂ ಮಾಹಿತಿ-ಪ್ರೋಟೋಕಾಲನ್ನು ಪ್ರತ್ಯೇಕವಾಗಿ ಬರೆದಿಡುವುದು ಅಗತ್ಯ, ಒಂದರ್ಥದಲ್ಲಿ ಮೊದಲಿಗಿಂತ ಹೆಚ್ಚು ಅಗತ್ಯ. ಭಾಷಾ ಮಾದರಿ ಸೌಜನ್ಯದಿಂದ 'ಆಗಲಿ, ನೋಡೋಣ' ಎಂದು ಬರೆದರೆ ಅದು ಒಪ್ಪಿಗೆಯೋ ಅಲ್ಲವೋ ಎಂಬುದು ಎದುರಿನ ಮಾದರಿಯ ಊಹೆಗೆ ಬಿಟ್ಟಂತಾಗುತ್ತದೆ. ಬೆಲೆಯ ಚೌಕಾಸಿ, ವಿವರಣೆ, ಸ್ಪಷ್ಟೀಕರಣಗಳು ಸಹಜ ಭಾಷೆಯಲ್ಲಿ ನಡೆಯಲಿ. ಆದರೆ 'ಬೆಲೆ', 'ನಿರ್ಧಾರ', 'ವಿಳಾಸ' ಎಂಬ ಅಂಕಣಗಳು ನಿಗದಿತ ರೂಪದ ಸಂದೇಶದಿಂದ ಮಾತ್ರ ತುಂಬಲಿ, ಆ ಸಂದೇಶ ಪ್ರೋಟೋಕಾಲ್ ಪರಿಶೀಲಕವನ್ನು ದಾಟಿಯೇ ಹೊರಹೋಗಲಿ. ಕಳುಹಿಸಬಹುದಾದ ಸಂದೇಶಗಳ ಪಟ್ಟಿಯನ್ನು ಪರಿಶೀಲಕವೇ ಮಾದರಿಯ ಮುಂದಿಟ್ಟು, ಅವುಗಳಲ್ಲಿ ಒಂದನ್ನು ಆರಿಸುವ ಸ್ವಾತಂತ್ರ್ಯವನ್ನು ಅದಕ್ಕೆ ಕೊಡುವುದು ನಾನು ಕಂಡಂತೆ ಸುರಕ್ಷಿತವಾದ ಜೋಡಣೆ.

ಯಾವ ದಾರಿ ಹಿಡಿದರೂ ಅದನ್ನು ಒರೆಗೆ ಹಚ್ಚುವ ವಿಧಾನ ಒಂದೇ. ಏಜೆಂಟುಗಳ ನಡುವೆ ಒಂದು ಕೃತಕ ಸಾಗಣೆ ಪದರವನ್ನು ಇಟ್ಟು, ಅದು ಸಂದೇಶಗಳನ್ನು ತಡೆಹಿಡಿಯುವಂತೆ, ಹಿಂದುಮುಂದು ಮಾಡುವಂತೆ, ನಕಲು ಮಾಡುವಂತೆ, ಕೆಲವನ್ನು ನುಂಗಿಹಾಕುವಂತೆ ಬರೆಯಿರಿ. ಒಂದು ಖರೀದಿಯಲ್ಲಿ ಆರು ಸಂದೇಶಗಳಿದ್ದರೆ ಅವು ತಲುಪಬಹುದಾದ ಸರದಿಗಳು ಹೆಚ್ಚೆಂದರೆ 720; ಅಷ್ಟನ್ನೂ ಯಂತ್ರ ಕೆಲವೇ ಕ್ಷಣಗಳಲ್ಲಿ ಓಡಿಸಿ ನೋಡಬಲ್ಲದು. ಪ್ರತಿ ಓಟದ ಕೊನೆಯಲ್ಲಿ ಮೂರೂ ಪಕ್ಷಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು, ಇಬ್ಬರಿಗೆ ಗೊತ್ತಿರುವ ಮಾಹಿತಿ ಎರಡು ಕಡೆಯೂ ಒಂದೇ ಆಗಿದೆಯೇ, ಕೊಟ್ಟ ಮಾತುಗಳಲ್ಲಿ ಈಡೇರದೆ ಉಳಿದದ್ದು ಇದೆಯೇ, ಇದ್ದರೆ ಅದನ್ನು ಮತ್ತೆ ಕೇಳುವ ಹೊಣೆ ಯಾವ ಏಜೆಂಟಿನದು ಎಂದು ಪರಿಶೀಲಿಸಿ. ಈ ಪರೀಕ್ಷೆಯನ್ನು ಏಜೆಂಟುಗಳ ಒಳಗಿನ ಕೋಡ್ ಬರೆಯುವ ಮೊದಲು, ಖಾಲಿ ಏಜೆಂಟುಗಳ ಮೇಲೆಯೇ ಓಡಿಸಲು ಸಾಧ್ಯ.